ಟರ್ಬೋ ಕಾರಿನ ಕಿವಿ

ಡಾಕ್ಟರಮ್ಮನ ಕಾರು ಮೂರನೆಯ ಸಲ ಬಂದು ಬಾಗಿಲ ಮುಂದೆ ನಿಂತಾಗ ಕಿಡಿಯಮ್ಮ ಕೈಯಲ್ಲಿದ್ದ ಟೀ ಲೋಟವನ್ನು ಬೆಂಚಿನ ಮೇಲೆ ಕುಕ್ಕಿದಳು. ಬಂದ ರೀತಿಯಲ್ಲೇ ಸಂಗತಿ ಗೊತ್ತಾಗಿತ್ತು. ಟರ್ಬೋ ಇರುವ ಕಾರು ಬೀದಿಯ ತಿರುವಿನಲ್ಲಿ ಹುರುಪಾಗಿ ಉಸಿರೆಳೆದುಕೊಂಡು ನುಗ್ಗಬೇಕು. ಇದು ದಮ್ಮು ಹತ್ತಿದ ಮುದುಕನ ಹಾಗೆ ಬುಸುಗುಟ್ಟುತ್ತಾ, ಬಂಪರಿನ ಒಳಗೆ ಏನನ್ನೋ ಲೊಟಲೊಟ ಅಲ್ಲಾಡಿಸಿಕೊಂಡು ತೆವಳಿ ಬಂದಿತ್ತು.

"ಮತ್ತೆ ಕಿವಿ ಹೋಯ್ತು ಕಣ್ರೀ," ಎಂದರು ಡಾಕ್ಟರಮ್ಮ, ಇಳಿಯುತ್ತಲೇ. ಅವರು ಹಲ್ಲಿನ ಡಾಕ್ಟರು. ವಾರಕ್ಕೆ ಮೂರು ದಿನ ಕಲ್ಲುಗಣಿಗಳ ಕಡೆಯ ಊರುಗಳಿಗೆ ಹೋಗಿ ಹಲ್ಲು ನೋಡಿ ಬರುತ್ತಿದ್ದರು. ಆ ದಾರಿಯನ್ನು ದಾರಿ ಅನ್ನುವುದು ದೊಡ್ಡ ಮಾತು. ಆದರೂ ಅವರಿಗೆ ಜೋರಾಗಿ ಓಡಿಸುವ ಚಪಲ. ನಿಧಾನಕ್ಕೆ ಹೋದರೆ ಕಲ್ಲು ಎಣಿಸಬೇಕಾಗುತ್ತದೆ, ಜೋರಾಗಿ ಹೋದರೆ ಒಟ್ಟಿಗೆ ಮುಗಿಯುತ್ತದೆ ಎನ್ನುವುದು ಅವರ ವಾದ.

ಆ ವರ್ಕ್‌ಶಾಪಿನಲ್ಲಿ ಕಿವಿ ಎಂದರೆ ಏನು ಅಂತ ಅವರೂ ಇಷ್ಟರಲ್ಲಿ ಕಲಿತಿದ್ದರು. ಕಿಡಿಯಮ್ಮನಿಗೆ ಬೆಸುಗೆ ಕಲಿಸಿದ ಅವಳಪ್ಪ ಲೋಹಕ್ಕೆಲ್ಲ ಮೈಯ ಹೆಸರಿಟ್ಟಿದ್ದ. ಬೋಲ್ಟ್ ತೂರಿಸಲು ತೂತಿರುವ ಚಾಚು ಕಿವಿ, ಪೈಪಿನ ತುದಿ ಮೂಗು, ಬೆಸುಗೆಯ ಅಂಚು ತುಟಿ. "ಮೊದಲು ಆ ಸ್ಕೂಟರಿನ ಮೂಗು ಕೊಯ್ದುಬಿಡು, ಆಮೇಲೆ ಎಡಗಿವಿ ಸುಡೋಣ" ಅನ್ನುವ ಮಾತು ಒಳಗಿಂದ ತೇಲಿ ಬಂದು, ಹೊಸ ಗಿರಾಕಿಗಳು ಬಾಗಿಲಲ್ಲೇ ಹೆಜ್ಜೆ ಹಿಂದಿಟ್ಟದ್ದುಂಟು.

ಈಗ ಹೋಗಿದ್ದು ಇಂಟರ್‌ಕೂಲರಿನ ಕಿವಿ. ಟರ್ಬೋ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುರುಕುತ್ತದೆ, ಒತ್ತಿದ ಗಾಳಿ ಕಾದು ಕೆಂಡವಾಗುತ್ತದೆ. ಅದನ್ನು ತಣಿಸಿ ಕಳಿಸುವ ಅಲ್ಯೂಮಿನಿಯಂ ಪೆಟ್ಟಿಗೆಯೇ ಇಂಟರ್‌ಕೂಲರ್. ಬಂಪರಿನ ಹಿಂದೆ ಎರಡು ಕಿವಿಗಳ ಮೇಲೆ ಅದು ತೂಗಿಕೊಂಡಿರುತ್ತದೆ. ಕಿವಿ ಮುರಿದರೆ ಪೆಟ್ಟಿಗೆ ಜೋತುಬಿದ್ದು, ಪೈಪು ಕಳಚಿ, ಕಾರಿಗೆ ಉಸಿರೇ ಇಲ್ಲದಂತಾಗುತ್ತದೆ. ಆ ಮಾದರಿಯ ಕಾರು ತಯಾರಾಗುವುದು ನಿಂತು ಎಷ್ಟೋ ಕಾಲವಾಗಿತ್ತು. ಹೊಸ ಪೆಟ್ಟಿಗೆ ಎಲ್ಲಿ ಹುಡುಕಿದರೂ ಸಿಗುವಂತಿರಲಿಲ್ಲ. ಇದ್ದ ಒಂದನ್ನೇ ಉಳಿಸಿಕೊಳ್ಳಬೇಕಿತ್ತು.

ಮೊದಲ ಸಲ ಬಂದಾಗ ಕಿಡಿಯಮ್ಮ ಮುರಿದ ಕಿವಿಗಳನ್ನೇ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ ಅಂಟಿಸಿಕೊಟ್ಟಿದ್ದಳು. ತಿಂಗಳು ತುಂಬುವ ಮೊದಲೇ ಅವು ಮುರಿದು ಬಂದವು. ಎರಡನೆಯ ಸಲ ಹಳೆಯದನ್ನು ಕಿತ್ತೆಸೆದು, ದಪ್ಪ ತಗಡಿನಲ್ಲಿ ಹೊಸ ಕಿವಿ ಕತ್ತರಿಸಿ ಕೂರಿಸಿದಳು. ಆ ದಿನ ಮಗಳು ಲೆಕ್ಕದ ಮೇಜಿನಿಂದ ತಲೆ ಎತ್ತದೆ ಒಂದು ಮಾತು ಅಂದಿದ್ದಳು.

"ಅಮ್ಮ, ಬೇಜಾರ್ ಮಾಡ್ಕೋಬೇಡ. ಅಲ್ಯೂಮಿನಿಯಂ ಕೆಲ್ಸನೆಲ್ಲ ಹೈವೇ ಹತ್ರದ ದೊಡ್ಡ ವರ್ಕ್‌ಶಾಪಿಗೆ ಕಳಿಸಿಬಿಡೋಣ. ನಿಂಗೂ ವಯಸ್ಸಾಗ್ತಾ ಬಂತು. ಕೈ ಮೊದಲಿನ ಹಾಗೆ ಇರುತ್ತಾ?"

ಕಿಡಿಯಮ್ಮನಿಗೆ ಆ ಹೆಸರು ಬಂದದ್ದು ಬೆಸುಗೆಯ ಕಿಡಿಯಿಂದಲ್ಲ. ಅವಳ ಕೋಪ ಸದಾ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಬಸ್ಸು ಓಡಿಸುವ ಗಂಡ ವಾರದಲ್ಲಿ ನಾಲ್ಕು ದಿನ ಊರಾಚೆಯೇ ಇರುವುದಕ್ಕೆ ಕಾರಣ ಬಸ್ಸಲ್ಲ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಕೈಯ ಸುದ್ದಿಗೆ ಬಂದದ್ದೇ ತಡ, ಅವಳು ಬಾಗಿಲಿಗೆ ಬಂದು, ಎದುರಿನ ಟೈರ್ ಅಂಗಡಿಯವನಿಗೂ ಕೇಳುವಂತೆ ಎದೆ ತಟ್ಟಿಕೊಂಡು ಹೇಳಿದ್ದಳು: "ಈ ಕಿವಿ ಮುರ್ಕೊಂಡು ಈ ಕಾರು ಇನ್ನೊಂದು ಸಲ ಬಂದ್ರೆ ನಾನು ಈ ಬೆಸುಗೆ ಟಾರ್ಚ್ ಕೆಳಗಿಡ್ತೀನಿ! ಆಮೇಲೆ ನೀವುಂಟು, ನಿಮ್ಮ ಅಂಗಡಿ ಉಂಟು!"

ಟೈರ್ ಅಂಗಡಿಯವನು ಸಾಕ್ಷಿಯ ಹಾಗೆ ತಲೆಯಾಡಿಸಿದ್ದ.

ಈಗ ಕಾರು ಬಂದು ನಿಂತಿತ್ತು. ಟೈರ್ ಅಂಗಡಿಯವನು ಕೈಯಲ್ಲಿದ್ದ ಟ್ಯೂಬನ್ನು ಹಾಗೇ ಹಿಡಿದುಕೊಂಡು ಇತ್ತಲೇ ನೋಡುತ್ತಿದ್ದ. ಮಗಳು ಲೆಕ್ಕದ ಪುಸ್ತಕ ಮುಚ್ಚಿಟ್ಟು ಅಮ್ಮನ ಕಡೆ ನೋಡಿದಳು. ಆ ನೋಟವೇ ಕಿಡಿಯಮ್ಮನ ಮೈ ಉರಿಸಿತು.

ಅಳಿಯ ಬಂಪರ್ ಬಿಚ್ಚಿ, ಪೈಪುಗಳನ್ನು ಕಳಚಿ, ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ಬೆಂಚಿನ ಮೇಲೆ ಮಲಗಿಸಿದ. ಅಳಿಯ ಒಳ್ಳೆಯ ಮೆಕ್ಯಾನಿಕ್. ಮಗಳನ್ನು ಮದುವೆಯಾಗಿ ಇಲ್ಲಿಗೆ ಬರುವ ಮೊದಲು ದೊಡ್ಡ ಕಾರ್ಖಾನೆಯೊಂದರಲ್ಲಿದ್ದ. ನೋಡಲು ಬಾಗಿಲಷ್ಟು ಎತ್ತರ, ಸ್ವಭಾವದಲ್ಲಿ ಬಾಯಲ್ಲಿ ಬೆರಳಿಟ್ಟರೂ ಕಚ್ಚಲು ಬಾರದವನು. ಅತ್ತೆ ಏನು ಹೇಳಿದರೂ ಅವನದು ಒಂದೇ ಉತ್ತರ: "ಹೂಂ ಅತ್ತೆ." ಬೆಂಚು ಅತ್ತೆಯ ರಾಜ್ಯ, ಕಾರಿನ ಅಡಿ ಅಳಿಯನ ರಾಜ್ಯ. ಮಂಡಿನೋವಿನಿಂದ ಅವಳು ಬಗ್ಗಿ ಕಾರಿನೊಳಗೆ ತಲೆ ಹಾಕುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಅವನ ಒಂದೇ ಒಂದು ಅಭ್ಯಾಸ ಅವಳಿಗೆ ಹಿಡಿಸುತ್ತಿರಲಿಲ್ಲ. ಗ್ರೈಂಡರ್ ಹಿಡಿದಾಗಲೆಲ್ಲ ಕಾರ್ಖಾನೆಯ ರೂಢಿಯಂತೆ ಕಿವಿಗೆ ಹಳದಿ ರಬ್ಬರ್ ಬೆಣೆ ತುರುಕಿಕೊಳ್ಳುತ್ತಿದ್ದ. ಆಮೇಲೆ ಇವಳು ಗಂಟಲು ಹರಿಯುವಂತೆ ಕೂಗಿದರೂ ಅವನಿಗೆ ಕೇಳುತ್ತಿರಲಿಲ್ಲ.

ಕಿಡಿಯಮ್ಮ ಕನ್ನಡಕ ಏರಿಸಿ ಮುರಿದ ಜಾಗವನ್ನು ಕಣ್ಣು ಕೀಲಿಸಿ ನೋಡಿದಳು. ಆಮೇಲೆ ಗೆದ್ದವಳ ಹಾಗೆ ತಲೆ ಎತ್ತಿದಳು.

"ಬಾ ಇಲ್ಲಿ, ನೋಡು. ನನ್ನ ಬೆಸುಗೆ ಎಲ್ಲಿದೆ?"

"ಇಲ್ಲಿ," ಎಂದಳು ಮಗಳು.

"ಅದು ಬಿಟ್ಟಿದೆಯಾ?"

"ಇಲ್ಲ."

"ಮುರಿದಿರೋದು ಎಲ್ಲಿ?"

"ಅದರ ಪಕ್ಕ."

"ಹಾಂ! ಪಕ್ಕ! ಪಕ್ಕದ ಮನೆ ಬಿದ್ರೆ ನನ್ನ ಮನೆ ಬಿತ್ತು ಅಂತಾರಾ?"

ಮಾತು ನಿಜವೇ. ಬೆಸುಗೆಯ ಸಾಲು ಒಂದು ಕೂದಲೆಳೆಯಷ್ಟೂ ಸಡಿಲಿರಲಿಲ್ಲ. ಅದರ ಅಂಚಿಗೆ ಅಂಟಿಕೊಂಡ ಹಾಗೆ ಕಿವಿ ಸೀಳಿತ್ತು. ಮುರಿದ ಮುಖದ ಮುಕ್ಕಾಲು ಪಾಲು ಮಾಸಲು ಬಣ್ಣಕ್ಕೆ ತಿರುಗಿತ್ತು, ಕೊನೆಯ ಚೂರು ಮಾತ್ರ ಸಕ್ಕರೆಯ ಹಾಗೆ ಹೊಳೆಯುತ್ತಿತ್ತು. ಅಂದರೆ ಒಂದೇ ಏಟಿಗೆ ಮುರಿದದ್ದಲ್ಲ. ದಿನದಿನವೂ ಅಲುಗಿ ಅಲುಗಿ, ಚೂರು ಚೂರೇ ಬಿರುಕು ಬಿಟ್ಟು, ಕೊನೆಗೊಂದು ದಿನ ಕೈಬಿಟ್ಟಿತ್ತು. ಎರಡನೆಯ ಕಿವಿಯಂತೂ ಹೋಗುವಾಗ ಪೆಟ್ಟಿಗೆಯ ಗೋಡೆಯನ್ನೂ ಒಂದಿಷ್ಟು ಕಚ್ಚಿಕೊಂಡು ಹೋಗಿತ್ತು.

"ಪಕ್ಕ ಮುರಿದ್ರೂ ಮುರಿದ ಹಾಗೇ ಅಲ್ವಾ ಅಮ್ಮ, ಗಿರಾಕಿಗೆ?" ಎಂದಳು ಮಗಳು ಮೆಲ್ಲಗೆ.

ಬೆಸುಗೆ ಗಟ್ಟಿಯಾಗಿದ್ದು ಕಿವಿ ಮುರಿದರೆ ಅದೆಂಥ ಗೆಲುವು? ಕಿಡಿಯಮ್ಮನಿಗೆ ಒಳಗೊಳಗೇ ಭಯವಾಯಿತು. ಟಾರ್ಚ್ ಕೆಳಗಿಟ್ಟ ಮೇಲೆ ಬೆಳಗಾಗೆದ್ದು ಏನು ಮಾಡುವುದು? ಅಡುಗೆಮನೆಯಲ್ಲಿ ಅವಳಿಗೆ ಕುಕ್ಕರಿನ ಕೂಗು ಬಿಟ್ಟರೆ ಬೇರೆ ಗೆಳೆತನವಿರಲಿಲ್ಲ. ಹದಿನೇಳಕ್ಕೆ ಹಿಡಿದ ಟಾರ್ಚು ಅದು. ಆದರೆ ಭಯವನ್ನು ಮುಖಕ್ಕೆ ತರುವ ಜಾಯಮಾನ ಅವಳದಲ್ಲ.

"ಕೊಟ್ಟ ಮಾತು ಕೊಟ್ಟಿದ್ದೇ," ಎಂದಳು. "ಆದ್ರೆ ಯಾಕೆ ಮುರೀತು ಅಂತ ತಿಳಿಯೋವರೆಗೂ ಟಾರ್ಚ್ ಕೆಳಗಿಡಲ್ಲ. ತಿಳಿದ ಮೇಲೆ ತಪ್ಪು ನನ್ನ ಕೈದೇ ಆಗಿದ್ರೆ, ನಾನೇ ಹೈವೇ ವರ್ಕ್‌ಶಾಪಿಗೆ ಫೋನ್ ಮಾಡ್ತೀನಿ."

ಬೆಂಚಿನ ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಡಾಕ್ಟರಮ್ಮ ಪೆಟ್ಟಿಗೆಯ ಮೇಲೆ ಬಗ್ಗಿ, ಅಭ್ಯಾಸಬಲದಿಂದ ಬಾಯಿ ತೆರೆಸಿ ನೋಡುವವರ ಹಾಗೆ ಒಂದು ಬೆರಳಿನಿಂದ ಮುರಿದ ಅಂಚನ್ನು ಸವರಿದರು.

"ನನ್ನ ಹತ್ರನೂ ಹಿಂಗೆ ಬರ್ತಾರೆ ಕಣ್ರೀ. ಹಲ್ಲಿಗೆ ಕ್ಯಾಪ್ ಹಾಕಿರ್ತೀನಿ, ಮುರೀತು ಅಂತ ಬರ್ತಾರೆ. ಒಂದು ಸಲ ಆದ್ರೆ ನನ್ನ ಕ್ಯಾಪ್ ಸರಿ ಇಲ್ಲ ಅಂದ್ಕೋತೀನಿ. ಅದೇ ಹಲ್ಲು ಎರಡು ಸಲ ಮುರಿದ್ರೆ ಆ ಹಲ್ಲನ್ನ ನೋಡೋದೇ ಇಲ್ಲ."

"ಮತ್ತೆ?"

"ಎದುರಿನ ಹಲ್ಲು ನೋಡ್ತೀನಿ. ಮೇಲಿಂದ ಕಚ್ತಾ ಇರೋದು ಯಾವುದು ಅಂತ."

ಕಿಡಿಯಮ್ಮ ಅವರ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಂಡಿಯನ್ನು ಬೈದುಕೊಳ್ಳುತ್ತಾ ಕಾರಿನ ಮುಂದೆ ನೆಲಕ್ಕೆ ಕೂತಳು. ಅಳಿಯ ಗಾಬರಿಯಿಂದ ಒಂದು ಗೋಣಿಚೀಲ ತಂದು ಹಾಸಲು ಹೋದ. "ಬೇಡ ಹೋಗು," ಎಂದು ಗದರಿ, ದೀಪ ಹಿಡಿದು, ಇಂಟರ್‌ಕೂಲರ್ ಕೂರುವ ಜಾಗಕ್ಕೆ ತಲೆ ಹಾಕಿದಳು.

ಕಾರಿನ ಚೌಕಟ್ಟಿನಲ್ಲಿ ಬೋಲ್ಟುಗಳು ಇದ್ದವು. ಬೋಲ್ಟಿನ ಮೇಲೆ ಬಳೆಯ ಹಾಗೆ ಕೂತಿದ್ದ ಬುಷ್ ಕೂಡ ಇತ್ತು. ಆದರೆ ಅದು ಕಪ್ಪಗಿರಲಿಲ್ಲ. ಬೆಳ್ಳಗೆ ಹೊಳೆಯುತ್ತಿತ್ತು. ಅವಳು ಕೈ ಹಾಕಿ ಎಳೆದು ಬೆಳಕಿಗೆ ಹಿಡಿದಳು. ಲೇತ್‌ನಲ್ಲಿ ತಿರುಗಿಸಿ, ಅಂಚು ಸವರಿ, ಮುತ್ತಿನ ಹಾಗೆ ಮಾಡಿದ ಉಕ್ಕಿನ ತುಂಡು.

ಪೆಟ್ಟಿಗೆಯ ಕಿವಿಗೆ ದೊಡ್ಡ ತೂತು ಇಡುವುದೇ ಅದರೊಳಗೆ ರಬ್ಬರ್ ಬುಷ್ ಕೂರಲಿ ಎಂದು. ಇಂಜಿನ್ ನಡುಗಿದರೂ ದಾರಿ ಕುಲುಕಿದರೂ ರಬ್ಬರು ಅದನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಅದರ ಜಾಗದಲ್ಲಿ ಉಕ್ಕು ಕೂತರೆ ಒಂದೊಂದು ಕಲ್ಲಿನ ಏಟೂ ನೇರ ಕಿವಿಗೇ. ಎಂಥ ಬೆಸುಗೆಯಾದರೂ ಪಕ್ಕದಲ್ಲಿ ಸೀಳಲೇಬೇಕು. ಕಿವಿ ದಪ್ಪ ಮಾಡಿದರೆ ಗೋಡೆಯನ್ನೇ ಕಿತ್ತುಕೊಂಡು ಬರಬೇಕು. ಆದದ್ದೂ ಅದೇ.

ಕಿಡಿಯಮ್ಮ ಉಕ್ಕಿನ ತುಂಡನ್ನು ಅಳಿಯನ ಮುಖದ ಮುಂದೆ ಹಿಡಿದಳು.

"ಇದೇನಿದು?"

"ಬುಷ್ಷು, ಅತ್ತೆ."

"ರಬ್ಬರ್ ಎಲ್ಲಿ?"

"ತೆಗೆದಿಟ್ಟಿದೀನಿ."

"ಯಾಕೆ ತೆಗೆದೆ?"

"ನೀವೇ ಬೇಡ ಅಂದ್ರಲ್ಲ ಅತ್ತೆ."

"ನಾನು! ನಾನ್ಯಾವಾಗ ಅಂದೆ?"

ಅಳಿಯ ನೆಲ ನೋಡುತ್ತಾ, ಒಪ್ಪಿಸುವವನ ಹಾಗೆ ಹೇಳಿದ: "ಮೊದಲನೇ ಸಲ ಜೋಡಿಸೋವಾಗ. ಗ್ರೈಂಡರ್ ಕೆಲಸ ಮುಗಿದಿತ್ತು. ನಾನು ಇಲ್ಲೇ ಬಂಪರ್ ಹತ್ರ ಕೂತ್ಕೊಂಡು ಕಿವಿಗೆ ರಬ್ಬರ್ ಹಾಕ್ತಾ ಇದ್ದೆ. ನೀವು ಬೆಂಚಿನ ಹತ್ರದಿಂದ ಜೋರಾಗಿ ಕೂಗಿದ್ರಿ. 'ಕಿವಿಗೆ ರಬ್ಬರ್ ಹಾಕ್ಬೇಡ ಅಂತ ಎಷ್ಟು ಸಲ ಹೇಳ್ಲಿ ನಿಂಗೆ!' ಅಂದ್ರಿ. ಅದಕ್ಕೇ ತೆಗೆದೆ. ತೂತು ದೊಡ್ಡದಾಯ್ತಲ್ಲ, ಅದಕ್ಕೆ ಉಕ್ಕಿಂದು ಮಾಡಿ ಹಾಕಿದೆ."

ಮೊದಲು ಅರ್ಥವಾದದ್ದು ಮಗಳಿಗೆ. ಅವಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಅದು ಸಾಲದೆ ಸ್ಪ್ಯಾನರ್ ಪೆಟ್ಟಿಗೆಯ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

"ಅಯ್ಯೋ ಪ್ರಾರಬ್ಧವೇ! ನಾನು ಹೇಳಿದ್ದು ಈ ಕಿವಿಗೆ!" ಕಿಡಿಯಮ್ಮ ತನ್ನ ಕಿವಿಯನ್ನೇ ಹಿಡಿದು ಎಳೆದು ತೋರಿಸಿದಳು. "ನಿನ್ನ ಕಿವಿಗೆ! ಆ ಹಳದಿ ಬೆಣೆ! ಮೂರು ಸಲ ಕರೆದ್ರೂ ಓ ಅನ್ನಲಿಲ್ಲ ನೀನು!"

"ನನ್ನ ಕಿವೀಲಿ ಆಗ ರಬ್ಬರ್ ಇರಲೇ ಇಲ್ಲ ಅತ್ತೆ. ಕೆಲಸದಲ್ಲಿ ಗಮನ ಇತ್ತು, ಕರೆದಿದ್ದು ಗೊತ್ತಾಗ್ಲಿಲ್ಲ. ರಬ್ಬರ್ ಇದ್ದಿದ್ದು ಕಾರಿನ ಕಿವೀಲಿ."

"ಎಷ್ಟು ಸಲ ಹೇಳ್ಲಿ ಅಂದೆನಲ್ಲ! ಕಾರಿನ ವಿಷಯ ನಾನು ಹಿಂದೆ ಯಾವತ್ತಾದ್ರೂ ಹೇಳಿದ್ನಾ?"

"ಹೇಳಿರ್ತೀರಿ, ಕಿವೀಲಿ ಬೆಣೆ ಇತ್ತು, ನನಗೆ ಕೇಳಿಸಿಲ್ಲ ಅಂದ್ಕೊಂಡೆ."

ಈ ಸಲ ಡಾಕ್ಟರಮ್ಮನೂ ತಡೆಯಲಾರದೆ ನಕ್ಕುಬಿಟ್ಟರು. ಕಿಡಿಯಮ್ಮನಿಗೂ ನಗು ಬಂತು. ಅದಕ್ಕಿಂತ ಹೆಚ್ಚಾಗಿ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಕೈ ಸೋತಿರಲಿಲ್ಲ. ಬೆಸುಗೆ ಸೋತಿರಲಿಲ್ಲ. ಟೈರ್ ಅಂಗಡಿಯವನ ಕಡೆ ತಿರುಗಿ ಈಗಲೇ ಡಂಗುರ ಸಾರಿಬಿಡೋಣ ಅನ್ನಿಸಿತು.

ಅಷ್ಟರಲ್ಲಿ ಅವಳಿಗೆ ಇನ್ನೊಂದು ಮಾತು ಹೊಳೆಯಿತು.

"ಅಲ್ಲಾ, ಇಷ್ಟು ವರ್ಷ ಗಾಡಿ ಬಿಚ್ಚಿ ಕೂರಿಸಿದವನು ನೀನು. ಅಲ್ಲಿ ರಬ್ಬರ್ ಇಲ್ದಿದ್ರೆ ಕಿವಿ ಉಳಿಯಲ್ಲ ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು ಅತ್ತೆ."

"ಮೊದಲನೇ ಸಲಾನೂ?"

"ಹೂಂ."

"ಎರಡನೇ ಸಲ ಮುರಿದು ಬಂದಾಗ್ಲೂ? ನಾನು ಬಾಗಿಲಲ್ಲಿ ನಿಂತು ಟಾರ್ಚ್ ಕೆಳಗಿಡ್ತೀನಿ ಅಂತ ಕೂಗಾಡ್ತಿದ್ದಾಗ್ಲೂ?"

ಅಳಿಯ ತಲೆ ಎತ್ತಿದ. ಅವನ ಮುಖದಲ್ಲಿ ದೂರೇನೂ ಇರಲಿಲ್ಲ. ಮಳೆ ಬಂದರೆ ನೆನೆಯುತ್ತೇವೆ ಎಂದು ಹೇಳುವವನ ಹಾಗೆ ಸರಳವಾಗಿ ಹೇಳಿದ: "ನಿಮ್ಮ ಹತ್ರ ಅದು ತಪ್ಪು ಅಂತ ಯಾರು ಹೇಳ್ತಾರೆ ಅತ್ತೆ?"

ಮಗಳ ನಗು ನಿಂತಿತು.

ಕಿಡಿಯಮ್ಮ ಬಾಯಿ ತೆರೆದಳು. ಬಾಯಿಗೆ ಬಂದ ಬೈಗುಳ ಅಲ್ಲೇ ಒಣಗಿತು. ಅವಳಿಗೆ ನೋವಾಯಿತು, ಅದಕ್ಕಿಂತ ನಾಚಿಕೆಯಾಯಿತು. ಮನೆಗೆ ಬಂದ ಹುಡುಗ ತುಟಿಪಿಟಕ್ಕೆನ್ನದೆ ಮಾತು ಕೇಳುತ್ತಾನೆ ಎಂದು ನೆಂಟರ ಮುಂದೆಲ್ಲ ಹೊಗಳಿಕೊಂಡು ತಿರುಗಿದ್ದಳು. ಅವನು ಕೇಳಿದ್ದು ಮಾತನ್ನಲ್ಲ, ಗದರಿಕೆಯನ್ನು. ಸರಿಯಾದದ್ದು ಗೊತ್ತಿದ್ದೂ ತಪ್ಪನ್ನು ಅಷ್ಟು ಚೆಂದಕ್ಕೆ ಲೇತ್‌ನಲ್ಲಿ ತಿರುಗಿಸಿ ಕೂರಿಸಿದ್ದಾನಲ್ಲ, ಎಷ್ಟು ಹೆದರಿರಬೇಕು!

"ಆ ರಬ್ಬರ್ ತಗೊಂಡು ಬಾ," ಎಂದಳು ಸಣ್ಣ ದನಿಯಲ್ಲಿ. "ಮೊದಲು ಕಿವಿ ಕತ್ತರಿಸೋಣ."

ಮಧ್ಯಾಹ್ನದ ಹೊತ್ತಿಗೆ ಹೊಸ ಕಿವಿಗಳು ತಯಾರಾದವು. ಈ ಸಲ ಕಾರಿನ ಮೂಲ ಕಿವಿಯಷ್ಟೇ ದಪ್ಪ, ಹೆಚ್ಚಿಲ್ಲ. ಅಲ್ಯೂಮಿನಿಯಮ್ಮಿಗೆಂದೇ ಬೇರೆ ಇಟ್ಟಿದ್ದ ಬ್ರಷ್ಷಿನಿಂದ ಕಿಡಿಯಮ್ಮ ಪೆಟ್ಟಿಗೆಯ ಗೋಡೆಯನ್ನು ಕನ್ನಡಿಯಾಗುವಷ್ಟು ಉಜ್ಜಿದಳು. ಕಬ್ಬಿಣ ಮುಟ್ಟಿದ ಬ್ರಷ್ಷನ್ನು ಅಲ್ಲಿಗೆ ತಂದವರ ಕೈ ಮುರಿಯುವೆ ಎನ್ನುವುದು ಅವಳ ಹಳೆಯ ಶಪಥ. ಬಿಸಿ ತಾಗಿದ ಕೂಡಲೇ ಪೆಟ್ಟಿಗೆ ಒಳಗಿನ ಹಳೆಯ ಎಣ್ಣೆಯನ್ನು ಬೆವರಿನ ಹಾಗೆ ಹೊರಗೆ ಬಿಟ್ಟಿತು. ಅದನ್ನು ಒರೆಸಿ, ಮತ್ತೆ ಬಿಸಿ ಮಾಡಿ, ಮತ್ತೆ ಒರೆಸಿ, ಬೆವರು ನಿಂತ ಮೇಲೆ ಮುಖಕ್ಕೆ ಕವಚ ಎಳೆದುಕೊಂಡಳು.

ಕಬ್ಬಿಣ ಮರ್ಯಾದಸ್ಥ. ಕರಗುವ ಮೊದಲು ಕೆಂಪಗಾಗಿ ಎಚ್ಚರ ಕೊಡುತ್ತದೆ. ಅಲ್ಯೂಮಿನಿಯಂ ಹಾಗಲ್ಲ. ಏನೂ ಆಗಿಲ್ಲ ಎಂಬಂತೆ ಬೆಳ್ಳಗೆ ಕೂತಿರುತ್ತದೆ, ಮರುಕ್ಷಣ ಕೆಳಗೆ ಸುರಿದಿರುತ್ತದೆ. ಅದರ ಮೈಮೇಲೆ ಪಾದರಸದಂಥ ಹೊಳಪು ಓಡುವ ಒಂದು ಗಳಿಗೆ ಇದೆ. ಆ ಗಳಿಗೆಯಲ್ಲಿ ಬೆಸುಗೆಯ ಕಡ್ಡಿ ಮುಟ್ಟಿಸಬೇಕು, ಶಾಖ ತಗ್ಗಿಸಲು ಕಾಲಿನ ಪೆಡಲ್ ಸಡಿಲಿಸಬೇಕು, ಮುಂದೆ ಸರಿಯಬೇಕು. ಕಿಡಿಯಮ್ಮನ ಕೈ ಸರಿಯಿತು. ಒಂದರ ಹಿಂದೆ ಒಂದು ಹೊಳೆಯುವ ಬಿಲ್ಲೆಗಳು ಸಾಲಾಗಿ ಒರಗಿಕೊಳ್ಳುತ್ತಾ ಬಂದವು. ಮೊದಲ ಕಿವಿ ಕೂತಿತು. ಗೋಡೆ ಕಿತ್ತುಹೋಗಿದ್ದ ಮೂಲೆಗೆ ತೇಪೆ ಹಾಕಿ ಎರಡನೆಯದನ್ನೂ ಕೂರಿಸಿದಳು. ನೋಡುತ್ತಿದ್ದ ಮಗಳು, "ಕೈ ಅಂದ್ರೆ ಇದು," ಎಂದು ತಾನಾಗಿಯೇ ಅಂದಳು.

ಅಲ್ಲಿಗೆ ನಿಲ್ಲಿಸಿದ್ದರೆ ಅವಳು ಕಿಡಿಯಮ್ಮ ಹೇಗಾದಾಳು?

ತೇಪೆಯ ಮೂಲೆಯನ್ನು ನೋಡುತ್ತಾ ಅವಳಿಗೆ ಒಂದು ಅನುಮಾನ ಬಂತು. ರಬ್ಬರ್ ಇದ್ದರೂ ಇದೊಂದು ಮೂಲೆ ಕೈಕೊಟ್ಟರೆ? ನಾಲ್ಕನೆಯ ಸಲ ಕಾರು ಬಂದು ನಿಂತರೆ ಯಾವ ಮುಖ ಹೊತ್ತು ಟಾರ್ಚ್ ಹಿಡಿಯುವುದು? ಒಂದು ತಗಡಿನ ಪಟ್ಟಿ ಎತ್ತಿಕೊಂಡಳು. ಕಿವಿಯಿಂದ ಹಿಡಿದು ಪೆಟ್ಟಿಗೆಯ ನಡುವಿನ ತೆಳು ಕೊಳವೆಗಳ ಸಾಲಿನ ತನಕ ಅದನ್ನು ಆಧಾರವಾಗಿ ಬೆಸೆದುಬಿಟ್ಟರೆ ಆನೆ ತುಳಿದರೂ ಅಲುಗುವುದಿಲ್ಲ. ಕವಚ ಕೆಳಗಿಳಿಯಿತು, ಟಾರ್ಚ್ ಮೇಲಕ್ಕೆದ್ದಿತು.

"ಅತ್ತೆ..." ಎಂದ ಅಳಿಯ, ಅಕ್ಕಪಕ್ಕದವರಿಗೂ ಕೇಳದ ಹಾಗೆ.

ಅವಳಿಗೆ ಕೇಳಿಸಿತು. ಎಂದಿನ ಹೂಂ ಅತ್ತೆಯ ತುಂಡು ಇರಬೇಕೆಂದು ಪೆಡಲಿನ ಮೇಲೆ ಕಾಲಿಟ್ಟಳು. ಬೆಸುಗೆಯ ನೀಲಿ ಬೆಳಕು ಚಟ್ಟನೆ ಹತ್ತಿತು.

"ಅತ್ತೆ, ನಿಲ್ಸಿ!"

ಬೀದಿಗೇ ಕೇಳಿಸುವಂಥ ಕೂಗು. ಎದುರು ಅಂಗಡಿಯಲ್ಲಿ ಗಾಳಿ ತುಂಬುವ ಪಂಪು ನಿಂತಿತು. ಕಿಡಿಯಮ್ಮನ ಕಾಲು ಅವಳನ್ನು ಕೇಳದೆಯೇ ಪೆಡಲಿನಿಂದ ಮೇಲೆದ್ದಿತ್ತು. ಅವಳು ನಿಧಾನವಾಗಿ ಕವಚ ಸರಿಸಿದಳು.

"ಏನಂದೆ?"

ಅಳಿಯನ ಮುಖ ಬಿಳಿಚಿಕೊಂಡಿತ್ತು. ಆದರೆ ದನಿ ತಗ್ಗಲಿಲ್ಲ.

"ನಿಲ್ಸಿ ಅಂದೆ. ಅದು ತಪ್ಪು ಅತ್ತೆ. ಆ ಸಣ್ಣ ಕೊಳವೆಗಳನ್ನ ಬೆಸುಗೆ ಹಾಕಿ ಕೂರಿಸಿರಲ್ಲ, ಕುಲುಮೇಲಿ ಬೇಗ ಕರಗೋ ಲೋಹದಿಂದ ಅಂಟಿಸಿರ್ತಾರೆ. ನಿಮ್ಮ ಶಾಖ ಅಲ್ಲಿಗೆ ಹೋದ್ರೆ ಅದು ಒಳಗೊಳಗೇ ಬಿಟ್ಟುಬಿಡುತ್ತೆ. ಹೊರಗೆ ಕಾಣಲ್ಲ. ಇಡೀ ಪೆಟ್ಟಿಗೆ ಸೋರುತ್ತೆ, ಆಮೇಲೆ ಬೇರೆ ಪೆಟ್ಟಿಗೆ ಇಲ್ಲ. ಪಟ್ಟಿ ಬೇಡ. ಇಷ್ಟು ಸಾಕು. ರಬ್ಬರ್ ಇದೆ, ಅದರ ಕೆಲಸ ಅದು ಮಾಡುತ್ತೆ."

ಇಷ್ಟುದ್ದದ ಮಾತನ್ನು ಅವನ ಬಾಯಲ್ಲಿ ಮಗಳು ಕೂಡ ಮದುವೆಯಾದಾಗಿನಿಂದ ಕೇಳಿರಲಿಲ್ಲ. ಅವಳು ಗಂಡನನ್ನೇ ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡುತ್ತಿದ್ದಳು.

ಕಿಡಿಯಮ್ಮನ ಮುಖ ಕೆಂಪಾಯಿತು. ತಲೆಗೆ ಏರಿದ ಕೋಪ ತಲೆಯಲ್ಲೇ ಒಂದು ಸುತ್ತು ಹೊಡೆಯಿತು. ಅವಳು ಕೈಗವಸು ಕಳಚಿ, ಕೊಳವೆಗಳ ಸಾಲಿನ ಅಂಚಿಗೆ ಬೆರಳಿಟ್ಟು, ಅಲ್ಲಿಂದ ಪಟ್ಟಿ ಕೂರಬೇಕಾದ ಜಾಗಕ್ಕೆ ಎಷ್ಟು ದೂರ ಎಂದು ಅಳೆದು ನೋಡಿದಳು. ಅರ್ಧ ಬೆರಳು. ಬೇರೆ ಯಾವ ದಿನವಾದರೂ ಇದು ಅವಳಿಗೇ ಹೊಳೆಯುತ್ತಿತ್ತು. ಇವತ್ತು ಅವಳು ಪೆಟ್ಟಿಗೆಯನ್ನು ನೋಡುತ್ತಲೇ ಇರಲಿಲ್ಲ, ತನ್ನ ಮಾನವನ್ನು ಬೆಸೆಯಲು ಹೊರಟಿದ್ದಳು.

"ಸರಿ," ಎಂದಳು.

ಆ ಎರಡಕ್ಷರ ಆ ಬಾಯಿಂದ ಹೊರಬೀಳಲು ಎಷ್ಟು ಕಷ್ಟಪಟ್ಟಿತೆಂದು ನೋಡಿದವರಿಗೇ ಗೊತ್ತು. ಪಟ್ಟಿಯನ್ನು ತಗಡಿನ ರಾಶಿಗೆ ಎಸೆದಳು. ಆಮೇಲೆ ಅಳಿಯನ ಕಡೆ ನೋಡದೆಯೇ, "ಇನ್ಮೇಲೂ ಹೀಗೇ ಕೂಗು. ಮೆಲ್ಲಗೆ ಹೇಳಿದ್ರೆ ನಂಗೆ ಕೇಳ್ಸಲ್ಲ. ರಬ್ಬರ್ ಹಾಕ್ಕೊಂಡಿರೋದು ನಾನೇ ಅಂತ ಕಾಣುತ್ತೆ," ಎಂದಳು.

ಪೆಟ್ಟಿಗೆಯ ಎರಡೂ ಬಾಯಿ ಮುಚ್ಚಿ, ಗಾಳಿ ತುಂಬಿ, ಸೋಪಿನ ನೀರು ಬಳಿದು ನಾಲ್ಕು ಜನವೂ ಬಗ್ಗಿ ನೋಡಿದರು. ಒಂದು ಗುಳ್ಳೆಯೂ ಏಳಲಿಲ್ಲ. ಅಳಿಯ ಕಿವಿಗಳಿಗೆ ರಬ್ಬರ್ ಬುಷ್ ಒತ್ತಿ ಕೂರಿಸಿದ. ಕಿಡಿಯಮ್ಮ ಪಕ್ಕದಲ್ಲೇ ಗೋಣಿಚೀಲದ ಮೇಲೆ ಕೂತು, ಒಂದೊಂದನ್ನೂ ಕೈಯಿಂದ ಒತ್ತಿ ನೋಡಿದಳು.

"ಈ ದಾರೀಲಿ ಒಂದು ತಿಂಗಳು ಓಡ್ಸಿ, ಎಂದಿನ ಹಾಗೇ ಓಡ್ಸಿ," ಎಂದಳು ಡಾಕ್ಟರಮ್ಮನಿಗೆ. "ಆಮೇಲೆ ಬನ್ನಿ. ಅಲ್ಲಿಯವರೆಗೆ ನಾನು ಬೇರೆ ಯಾವ ಅಲ್ಯೂಮಿನಿಯಂ ಕೆಲಸಾನೂ ಮುಟ್ಟಲ್ಲ. ಆಡಿದ ಮಾತು ಬೀದಿಗೆ ಗೊತ್ತು."

ಆ ತಿಂಗಳು ಉದ್ದಕ್ಕೆ ಉದ್ದ ಬೆಳೆಯಿತು. ಅಲ್ಯೂಮಿನಿಯಂ ಹಿಡಿದು ಬಂದವರನ್ನೆಲ್ಲ ಕಿಡಿಯಮ್ಮ ಹಲ್ಲು ಕಚ್ಚಿಕೊಂಡು ವಾಪಸು ಕಳಿಸಿದಳು. ಗೇಟುಗಳಿಗೆ, ಕುರ್ಚಿಗಳಿಗೆ ಬೆಸುಗೆ ಹಾಕುತ್ತಾ, ತಿರುವಿನಲ್ಲಿ ಕಾರಿನ ಸದ್ದಾದಾಗಲೆಲ್ಲ ಕವಚ ಎತ್ತಿ ನೋಡಿದಳು. ಇತ್ತ ಅಳಿಯನಿಗೆ ಬಾಯಿ ಬಂದಿತ್ತು. ಮೊದಮೊದಲು ಕೆಮ್ಮಿ ಕೆಮ್ಮಿ ಹೇಳುತ್ತಿದ್ದವನು ಬರಬರುತ್ತಾ ನೇರವಾಗಿಯೇ ಹೇಳತೊಡಗಿದ: ಗೇಟಿನ ಕೀಲು ಓರೆ, ಈ ಕಡ್ಡಿಗೆ ತೇವ ಹಿಡಿದಿದೆ, ಊಟ ಮಾಡದೆ ಕೆಲಸಕ್ಕೆ ನಿಲ್ಲಬೇಡಿ. ಹೇ‍ಳಿದ್ದರಲ್ಲಿ ಅರ್ಧ ತಪ್ಪೇ ಇರುತ್ತಿತ್ತು. ಅತ್ತೆ ಅಳಿಯ ಇಬ್ಬರೂ ಕೈ ಬೀಸಿಕೊಂಡು ವಾದಿಸುತ್ತಿದ್ದರು. ಮಗಳು ತಲೆ ಕೆಟ್ಟುಹೋಗಿ, ಇದಕ್ಕಿಂತ ಮೊದಲೇ ವಾಸಿಯಿತ್ತು ಎಂದು ಗೊಣಗಿದಳು. ಗೊಣಗುವಾಗ ಅವಳ ಮುಖ ಮಾತ್ರ ಅರಳಿರುತ್ತಿತ್ತು.

ತಿಂಗಳು ಕಳೆದು ಒಂದು ಬೆಳಿಗ್ಗೆ ತಿರುವಿನಲ್ಲಿ ಸದ್ದು ಕೇಳಿತು. ಹುರುಪಾಗಿ ಉಸಿರೆಳೆದುಕೊಂಡು ನುಗ್ಗಿ ಬಂದ ಕಾರು ಬಾಗಿಲಿಗೆ ಬಂದು ನಿಂತಾಗ ಮೈತುಂಬ ಗಣಿಯ ಧೂಳು ಮೆತ್ತಿಕೊಂಡಿತ್ತು. ಡಾಕ್ಟರಮ್ಮ ಏನೂ ಹೇಳದೆ ನಗುತ್ತಾ ಇಳಿದರು. ಅಳಿಯ ಬಂಪರ್ ಬಿಚ್ಚಿದ. ಕಿಡಿಯಮ್ಮ ದೀಪ ಹಿಡಿದು ನೆಲಕ್ಕೆ ಕೂತು, ಎರಡೂ ಕಿವಿಗಳ ಬುಡದಲ್ಲಿ ಧೂಳು ಒರೆಸಿ, ಉಗುರು ಆಡಿಸಿ ನೋಡಿದಳು. ಉಗುರಿಗೆ ಎಳ್ಳಷ್ಟು ಗೀರೂ ತಗುಲಲಿಲ್ಲ. ಅವಳು ಇನ್ನೊಮ್ಮೆ ಉಗುರು ಆಡಿಸಿದಳು. ಕಣ್ಣು ತುಂಬಿ ಬಂತು, ಧೂಳೆಂದು ಹೇಳಿ ಸೆರಗಿನಿಂದ ಒರೆಸಿಕೊಂಡಳು.

ಟೈರ್ ಅಂಗಡಿಯವನಿಗೆ ತಡೆಯಲಾಗಲಿಲ್ಲ. ರಸ್ತೆಯ ಆ ಬದಿಯಿಂದಲೇ ಕೂಗಿ ಕೇಳಿದ: "ಏನಮ್ಮಾ, ಕೊನೆಗೂ ನಿಲ್ತಾ ಬೆಸುಗೆ?"

ಕಿಡಿಯಮ್ಮ ಅಳಿಯನ ಭುಜ ಹಿಡಿದುಕೊಂಡು ಎದ್ದು ನಿಂತು, ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು:

"ಹಾಕಿದ್ದು ನಾನು. ನಿಲ್ಲಿಸಿದ್ದು ನಮ್ಮ ಅಳಿಯ!"